ಯಾವ ಊರು ಎಷ್ಟು ತುಟ್ಟಿ? ಸರ್ಕಾರ ಲೆಕ್ಕ ಕೊಡಲಿ

ಸಂಪಾದಕರಿಗೆ,

ಮಾನ್ಯರೇ,

ಗ್ರಾಹಕ ಬೆಲೆ ಸೂಚ್ಯಂಕ ಪ್ರಕಟವಾದಾಗಲೆಲ್ಲ 'ಇಂಥ ಊರು ಬೆಂಗಳೂರಿಗಿಂತ ದುಬಾರಿಯಂತೆ' ಎಂಬ ಮಾತು ಹರಿದಾಡುತ್ತದೆ. ಸೂಚ್ಯಂಕವನ್ನು ಹಾಗೆ ಓದಲು ಬರುವುದಿಲ್ಲ. ಕಾರ್ಮಿಕ ಬ್ಯೂರೊ ಹೊರಡಿಸುವ ಕೈಗಾರಿಕಾ ಕಾರ್ಮಿಕರ ಸೂಚ್ಯಂಕವನ್ನೇ ನೋಡಿ. ದೇಶದ 88 ಕೇಂದ್ರಗಳಲ್ಲಿ ಬೆಲೆ ಸಂಗ್ರಹಿಸಿ, ಪ್ರತಿ ಕೇಂದ್ರದ 2016ರ ಬೆಲೆಯನ್ನು 100 ಎಂದು ಹಿಡಿದು ಅದನ್ನು ಕಟ್ಟುತ್ತಾರೆ. ಅಂದರೆ ಹೊರಡುವಾಗ ಎಲ್ಲ ಊರೂ 100. ಒಂದು ಊರಿನಲ್ಲಿ ಆಗ 3,000 ರೂಪಾಯಿ ಇದ್ದ ಬಾಡಿಗೆ ಈಗ 4,500 ಆಗಿದೆ ಎನ್ನೋಣ. ಬಾಡಿಗೆಯ ಸೂಚ್ಯಂಕ 150. ಮತ್ತೊಂದು ಊರಿನಲ್ಲಿ 8,000 ಇದ್ದದ್ದು 11,200 ಆಗಿದೆ, ಸೂಚ್ಯಂಕ 140. ಕಾಗದದ ಮೇಲೆ ಮೊದಲನೆಯ ಊರೇ ಮುಂದು. ಬಾಡಿಗೆ ಕಟ್ಟುವವರಿಗೆ ಎರಡನೆಯ ಊರು ಹೆಚ್ಚುಕಡಿಮೆ ಎರಡೂವರೆ ಪಟ್ಟು ಭಾರ. ಒಂದೇ ಊರಿನಲ್ಲಿ ಅಂದಿಗೂ ಇಂದಿಗೂ ಬೆಲೆ ಎಷ್ಟು ಏರಿತು ಎನ್ನುವುದಷ್ಟೇ ಸೂಚ್ಯಂಕಕ್ಕೆ ಗೊತ್ತು. ಊರಿಂದೂರಿಗೆ ಇರುವ ಅಂತರವನ್ನು ತೋರುವ ಜಿಲ್ಲಾವಾರು ಪಟ್ಟಿ ನಮ್ಮ ರಾಜ್ಯದಲ್ಲಿ ಪ್ರಕಟವಾಗುತ್ತಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ಕುಟುಂಬಗಳ ಬಳಕೆ ವೆಚ್ಚದ ಸಮೀಕ್ಷೆಯನ್ನು ಈ ಕೆಲಸಕ್ಕೆ ಎಳೆದು ತರುವವರೂ ಇದ್ದಾರೆ. 2023-24ರ ಸಮೀಕ್ಷೆಯಂತೆ ಕರ್ನಾಟಕದ ಹಳ್ಳಿಗಳಲ್ಲಿ ತಲಾ ಮಾಸಿಕ ವೆಚ್ಚ 4,903 ರೂಪಾಯಿ, ಪಟ್ಟಣಗಳಲ್ಲಿ 8,076. ಇದರಿಂದ 'ಪಟ್ಟಣದ ಬದುಕು ಶೇ 65ರಷ್ಟು ತುಟ್ಟಿ' ಎಂದು ಹೇಳಿದರೆ ತಪ್ಪು. ವೆಚ್ಚ ಎನ್ನುವುದು ಬೆಲೆ ಮತ್ತು ಪ್ರಮಾಣಗಳ ಗುಣಲಬ್ಧ. ಪಟ್ಟಣದವರು ಹೆಚ್ಚು ಕೊಂಡದ್ದೂ, ಮೇಲ್ದರ್ಜೆಯದನ್ನು ಕೊಂಡದ್ದೂ ಅದರಲ್ಲಿ ಕಲೆತುಹೋಗಿದೆ. ಬೆಲೆಯ ಅಂತರವನ್ನೇ ಬೇರೆ ತೆಗೆದು ನೋಡಬೇಕೆಂದರೆ ತೆಂಡುಲ್ಕರ್ ಸಮಿತಿಯ ವಿಧಾನದಲ್ಲಿ ಲೆಕ್ಕ ಹಾಕಿದ ಬಡತನ ರೇಖೆಯೇ ಹತ್ತಿರದ ದಾಖಲೆ. 2011-12ಕ್ಕೆ ಕರ್ನಾಟಕದ ಹಳ್ಳಿಗಳಲ್ಲಿ ತಿಂಗಳಿಗೆ ತಲಾ 902 ರೂಪಾಯಿ, ಪಟ್ಟಣಗಳಲ್ಲಿ 1,089. ಸರಿಸುಮಾರು ಒಂದೇ ಮಟ್ಟದ ಬದುಕಿಗೆ ಪಟ್ಟಣದಲ್ಲಿ ಶೇ 20ರಷ್ಟು ಹೆಚ್ಚು ಬೇಕು ಎಂಬುದು ಅದರ ಇಂಗಿತ. ಅಲ್ಲೂ ಇಡೀ ರಾಜ್ಯಕ್ಕೆ ಎರಡೇ ಅಂಕಿ: ಒಂದು ಹಳ್ಳಿ, ಒಂದು ಪಟ್ಟಣ. ಬೆಂಗಳೂರು ಮತ್ತು ಯಾದಗಿರಿ ಒಂದೇ ಸಾಲಿನಲ್ಲಿ.

ಲೆಕ್ಕವಿಲ್ಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಮನೆ ಬಾಡಿಗೆ ಭತ್ಯೆಯನ್ನೇ ನೋಡಬಹುದು. ಕೇಂದ್ರ ಸರ್ಕಾರಿ ನೌಕರರಿಗೆ 2024ರ ಜನವರಿಯಿಂದ ಊರಿನ ದರ್ಜೆಗೆ ತಕ್ಕಂತೆ ಮೂಲ ವೇತನದ ಶೇ 30, 20, 10. ದರ್ಜೆ ಯಾವುದು ಎಂದು ನಿಶ್ಚಯಿಸುವುದು ಜನಸಂಖ್ಯೆ. ನಮ್ಮ ರಾಜ್ಯದಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟು ಬೆಂಗಳೂರು ಒಂದೇ. 5 ಲಕ್ಷದಿಂದ 50 ಲಕ್ಷದೊಳಗೆ ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿ. ಮಿಕ್ಕೆಲ್ಲ ಊರೂ ಮೂರನೆಯ ದರ್ಜೆ. 35,400 ರೂಪಾಯಿ ಮೂಲ ವೇತನದ ನೌಕರನಿಗೆ ಕಲಬುರಗಿಯಲ್ಲಿ 7,080 ರೂಪಾಯಿ ಸಿಗುತ್ತದೆ. ಉಡುಪಿ, ದಾವಣಗೆರೆ, ಮಡಿಕೇರಿ, ಹೊಸಪೇಟೆಗಳಲ್ಲಿ 3,540. ಮಣಿಪಾಲದಲ್ಲಿ ವಿದ್ಯಾರ್ಥಿಗಳ ಜೊತೆ, ಮಡಿಕೇರಿಯಲ್ಲಿ ಹೋಮ್‌ಸ್ಟೇಗಳ ಜೊತೆ ಪೈಪೋಟಿ ಮಾಡಿ ಮನೆ ಹಿಡಿಯಬೇಕಾದವನಿಗೆ ಕಲಬುರಗಿಯ ಅರ್ಧ ಭತ್ಯೆ. ಇದೆಲ್ಲ ನಡೆಯುತ್ತಿರುವುದು 2011ರ ಜನಗಣತಿಯ ಮೇಲೆ. 2027ರ ಗಣತಿಯಲ್ಲಿ ದಾವಣಗೆರೆಯಂಥ ಊರು 5 ಲಕ್ಷದ ಗೆರೆ ದಾಟಿದರೆ ಅಲ್ಲಿನ ಬಾಡಿಗೆ ಒಂದು ಪೈಸೆ ಏರದಿದ್ದರೂ ಭತ್ಯೆಯ ದರ ದುಪ್ಪಟ್ಟಾಗುತ್ತದೆ! ರಾಜ್ಯ ಸರ್ಕಾರದ ಭತ್ಯೆಗೂ ಜನಸಂಖ್ಯೆಯೇ ಅಳತೆಗೋಲು. ಜನ ಹೆಚ್ಚಿದ್ದಲ್ಲಿ ಬಾಡಿಗೆ ಹೆಚ್ಚು ಎಂಬ ಊಹೆ ಬೆಂಗಳೂರಿಗೆ ಸರಿ, ಉಳಿದ ಕಡೆ ಅರ್ಧ ಸರಿ.

ಕನಿಷ್ಠ ವೇತನದ್ದೂ ಇದೇ ಪಾಡು. 2025ರ ಏಪ್ರಿಲ್‌ನಲ್ಲಿ ರಾಜ್ಯ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ಅಕುಶಲ ಕಾರ್ಮಿಕರಿಗೆ ತಿಂಗಳಿಗೆ ಮೊದಲ ವಲಯದಲ್ಲಿ ಸುಮಾರು 23,376 ರೂಪಾಯಿ, ಎರಡನೆಯದರಲ್ಲಿ 21,251, ಮೂರನೆಯದರಲ್ಲಿ 19,319 ಎಂದಿತ್ತು. ಕ್ಯಾಲ್ಕ್ಯುಲೇಟರ್ ತೆಗೆದುಕೊಂಡು ಭಾಗಿಸಿ ನೋಡಿ: ಮೂರರಿಂದ ಎರಡಕ್ಕೆ ಶೇ 10, ಎರಡರಿಂದ ಒಂದಕ್ಕೆ ಮತ್ತೆ ಶೇ 10. ಊರೂರಿನ ಬೆಲೆ ಅಳೆದಿದ್ದರೆ ಅಂತರ ಇಷ್ಟು ದುಂಡಗೆ ಬರುತ್ತಿರಲಿಲ್ಲ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಹಾಕಿಕೊಟ್ಟ ಸೂತ್ರದಲ್ಲಿ ಮೂರು ಬಳಕೆ ಘಟಕಗಳಿಗೆ (ಕುಟುಂಬವೊಂದರ ಬಳಕೆ ಮೂವರು ವಯಸ್ಕರದ್ದಕ್ಕೆ ಸಮ ಎಂಬ ಲೆಕ್ಕ) ದಿನಕ್ಕೆ ತಲಾ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಜೊತೆಗೆ ಇಂಧನ-ಬೆಳಕಿನಂಥವಕ್ಕೆ ಒಟ್ಟು ಕೂಲಿಯ ಶೇ 20 ಸೇರಿವೆ. ಶಿಕ್ಷಣ, ಚಿಕಿತ್ಸೆ ಮುಂತಾದವಕ್ಕೆ ಇನ್ನೂ ಶೇ 25 ಸೇರಬೇಕೆಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಸೂತ್ರಕ್ಕೆ ತುಂಬಬೇಕಾದದ್ದು ಕಾರ್ಮಿಕ ಬದುಕುವ ಊರಿನ ಬೆಲೆ. ಉಕ್ಕಿನ ಕಾರ್ಖಾನೆಯ ತೋರಣಗಲ್ಲು, ವಾಹನ ಕಾರ್ಖಾನೆಗಳ ಬಿಡದಿ ಇವೆಲ್ಲ ಆಡಳಿತದ ನಕ್ಷೆಯಲ್ಲಿ ಸಣ್ಣ ಊರುಗಳು. ಹೊರಗಿನಿಂದ ಸಾವಿರಾರು ಜನ ಬಂದು ನೆಲೆಸಿದ ಮೇಲೆ ಅಲ್ಲಿನ ಬಾಡಿಗೆಗೆ ನಕ್ಷೆಯ ಹಂಗಿಲ್ಲ.

ಹಾಗಾದರೆ ಊರಿಂದೂರಿಗೆ ನಿಜವಾಗಿ ಬೇರೆಯಾಗುವುದು ಯಾವುದು? ಇಲ್ಲಿ ಬಹಳ ಶ್ರಮ ವ್ಯರ್ಥವಾಗುತ್ತದೆ. ಸೋಪು, ಟೂತ್‌ಪೇಸ್ಟ್, ಮಾತ್ರೆ, ಬಿಸ್ಕತ್ತುಗಳ ಮೇಲೆ ಮುದ್ರಿತ ಗರಿಷ್ಠ ಬೆಲೆ ಇದೆ. ಬೀದರ್‌ನಲ್ಲೂ ಚಾಮರಾಜನಗರದಲ್ಲೂ ಅದೇ. ನಂದಿನಿ ಹಾಲಿನ ದರ ರಾಜ್ಯಕ್ಕೆಲ್ಲ ಒಂದು. ವಿದ್ಯುತ್ ಕಂಪನಿಗಳು ಐದಾದರೂ ಮನೆ ಬಳಕೆಯ ದರ ಒಂದೇ. ಪೆಟ್ರೋಲ್, ಅಡುಗೆ ಅನಿಲ ಡಿಪೊ ಮತ್ತು ಬಾಟ್ಲಿಂಗ್ ಘಟಕದ ದೂರಕ್ಕೆ ತಕ್ಕಂತೆ ತುಸು ಏರಿಳಿಯುತ್ತವೆ. ಅಂತರ ಇರುವುದು ಬೆಲೆ ಮುದ್ರಿಸದ ಬಾಬ್ತುಗಳಲ್ಲಿ: ಬಾಡಿಗೆ, ನೀರು, ತರಕಾರಿ-ಸೊಪ್ಪು, ಮೀನು-ಮಾಂಸ, ಶಾಲಾ ಶುಲ್ಕ, ಆಟೊ, ಕ್ಷೌರ, ದರ್ಜಿ, ಪ್ಲಂಬರ್, ಮನೆಗೆಲಸದವರ ಸಂಬಳ. ಬೆಲೆ ಸಂಗ್ರಹದ ಶ್ರಮವೆಲ್ಲ ಇವುಗಳ ಮೇಲೆ ಬೀಳಬೇಕು.

ಬಾಡಿಗೆಯನ್ನು ಬಾಯಿಮಾತಿನ ಅಂಕಿಯಲ್ಲಿ ಹೋಲಿಸಿದರೆ ಮೋಸ ಹೋಗುತ್ತೇವೆ. ಬೆಂಗಳೂರಿನಲ್ಲಿ 15,000 ರೂಪಾಯಿಯ ಮನೆ ಎನ್ನಿ. ಅಲ್ಲಿನ ಹಳೆಯ ರೂಢಿಯಂತೆ ಹತ್ತು ತಿಂಗಳ ಅಡ್ವಾನ್ಸ್, ಒಂದೂವರೆ ಲಕ್ಷ. ಆ ಹಣ ಬ್ಯಾಂಕಿನಲ್ಲಿ ಶೇ 7ರ ಠೇವಣಿಯಲ್ಲಿದ್ದರೆ ವರ್ಷಕ್ಕೆ 10,500, ತಿಂಗಳಿಗೆ 875 ರೂಪಾಯಿ ಬರುತ್ತಿತ್ತು. ಮನೆ ಬಿಡುವಾಗ ಬಣ್ಣ ಬಳಿಸಲು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ. ಎರಡು ವರ್ಷ ಇದ್ದರೆ ತಿಂಗಳಿಗೆ 625 ಬಿತ್ತು. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ ಕೊಟ್ಟಿದ್ದರೆ ಇನ್ನೊಂದು 625. ನಿರ್ವಹಣಾ ಶುಲ್ಕ 1,500 ಸೇರಿಸಿ. 15,000ದ ಮನೆ 18,625 ಆಯಿತು, ನೀರಿನ ಬಾಬ್ತು ಇನ್ನೂ ಬಾಕಿ. ಎರಡು-ಮೂರು ತಿಂಗಳ ಅಡ್ವಾನ್ಸ್ ಸಾಕೆನ್ನುವ, ದಲ್ಲಾಳಿಯೇ ಇಲ್ಲದ ಊರಿನಲ್ಲಿ ಈ ಬಾಲ ಬಹಳ ಮೋಟು. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಠೇವಣಿಯೇ ಮಿತಿ; ರಾಜ್ಯಗಳು ಒಪ್ಪಿ ಕಾನೂನು ಮಾಡಿದರೆ ಮಾತ್ರ ಅದಕ್ಕೆ ಬೆಲೆ.

ನೀರಿನ ಅಂತರ ಇನ್ನೂ ದೊಡ್ಡದು, ಅದೂ ಒಂದೇ ನಗರದೊಳಗೆ. ತಲಾ ದಿನಕ್ಕೆ 135 ಲೀಟರ್‌ನಂತೆ ನಾಲ್ವರ ಕುಟುಂಬಕ್ಕೆ ತಿಂಗಳಿಗೆ 16,200 ಲೀಟರ್ ಬೇಕು. 2014ರ ಬೆಂಗಳೂರು ಜಲಮಂಡಳಿ ದರದಲ್ಲಿ ಮೊದಲ 8,000 ಲೀಟರ್‌ಗೆ ಸಾವಿರಕ್ಕೆ 7 ರೂಪಾಯಿ, ಅದರಾಚೆಗೆ 11 ರೂಪಾಯಿಯಂತೆ ಕಾವೇರಿ ನೀರಿಗೆ ಸುಮಾರು 146 ರೂಪಾಯಿ. ಒಳಚರಂಡಿ ಶುಲ್ಕ ಬೇರೆ. 2024ರ ಮಾರ್ಚ್‌ನ ಬರದಲ್ಲಿ, ಇದೇ ದರ ಜಾರಿಯಲ್ಲಿದ್ದಾಗ, ಬೆಂಗಳೂರು ನಗರ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ 12,000 ಲೀಟರ್ ಟ್ಯಾಂಕರ್‌ಗೆ 1,000 ರೂಪಾಯಿ ದರ ನಿಗದಿ ಮಾಡಿತು. ಆ ದರದಲ್ಲಿ ಅಷ್ಟೇ ನೀರಿಗೆ 1,350 ರೂಪಾಯಿ. ಒಂಬತ್ತು ಪಟ್ಟು! ಇದು ಸರ್ಕಾರವೇ ಗೊತ್ತುಮಾಡಿದ ದರ. ಬರದ ದಿನಗಳಲ್ಲಿ ಅಪಾರ್ಟ್‌ಮೆಂಟ್‌ಗಳು ಕೊಟ್ಟದ್ದು ಇದಕ್ಕಿಂತ ಹೆಚ್ಚು. ಹೀಗಿರುವಾಗ 'ಬೆಂಗಳೂರಿನ ನೀರಿನ ಬೆಲೆ' ಎಂಬ ಒಂದೇ ಅಂಕಿಗೆ ಅರ್ಥವಿಲ್ಲ. ಪೈಪ್ ನೀರಿನ ಮನೆ, ಟ್ಯಾಂಕರ್ ನೀರಿನ ಮನೆ ಎಂದು ಎರಡು ಅಂಕಿ ತೆಗೆದು, ಎಷ್ಟು ಮನೆಗಳಿಗೆ ಯಾವುದು ಎಂಬ ಪ್ರಮಾಣದಲ್ಲಿ ಬೆಸೆಯಬೇಕು.

ಆಹಾರದ ಹೋಲಿಕೆ ಮೇಲ್ನೋಟಕ್ಕೆ ಸುಲಭ, ಆದರೆ ಹೆಚ್ಚು ಎಡವುವುದು ಇಲ್ಲೇ. ರಾಜ್ಯ ಉಣ್ಣುವುದು ಒಂದೇ ತಟ್ಟೆಯಲ್ಲಿ ಅಲ್ಲ. ವಿಜಯಪುರ-ಕಲಬುರಗಿಗೆ ಜೋಳ, ಮಂಡ್ಯ-ತುಮಕೂರಿಗೆ ರಾಗಿ, ಕರಾವಳಿಗೆ ಕುಚ್ಚಲಕ್ಕಿ. 2025-26ರ ಬೆಂಬಲ ಬೆಲೆ ರಾಗಿಗೆ ಕ್ವಿಂಟಲ್‌ಗೆ 4,886 ರೂಪಾಯಿ, ಮಾಲ್ದಂಡಿ ಜೋಳಕ್ಕೆ 3,749, ಸಾಮಾನ್ಯ ಭತ್ತಕ್ಕೆ 2,369. ನೂರು ಕಿಲೊ ಭತ್ತ ಕುಟ್ಟಿಸಿದರೆ 67 ಕಿಲೊ ಅಕ್ಕಿ ಎಂದು ಹಿಡಿದರೆ ಅಕ್ಕಿಯ ಲೆಕ್ಕ ಸುಮಾರು 3,536ಕ್ಕೆ ಬರುತ್ತದೆ. ಬಡವರ ಧಾನ್ಯ ಎನಿಸಿಕೊಂಡಿದ್ದ ರಾಗಿ ಈ ಲೆಕ್ಕದಲ್ಲಿ ಅಕ್ಕಿಗಿಂತ ಕಿಲೊಗೆ 13 ರೂಪಾಯಿ ಮೇಲೆ. ಅಕ್ಕಿಯೊಂದನ್ನೇ ಹಿಡಿದು ಜಿಲ್ಲೆಗಳನ್ನು ಹೋಲಿಸುವವರು ಇದನ್ನು ಕಾಣುವುದಿಲ್ಲ. ಪಡಿತರದ ಬೆಳ್ತಿಗೆ (ಬಿಳಿ) ಅಕ್ಕಿ ಕುಚ್ಚಲಕ್ಕಿ ಉಣ್ಣುವ ಮನೆಗೆ ಅಷ್ಟಾಗಿ ಒದಗದು. ಅವರು ಅಂಗಡಿಯಿಂದಲೇ ತರಬೇಕು, ಆ ಖರ್ಚು ಬಯಲುಸೀಮೆಯ ಮನೆಗಿಲ್ಲ. ಬೆಳೆದ ಊರಿನಲ್ಲಿ ಅಗ್ಗ ಎಂಬುದೂ ಎಲ್ಲ ಕಾಲಕ್ಕೂ ನಿಜವಲ್ಲ. ಕಲಬುರಗಿಯ ತೊಗರಿಗೆ ಭೌಗೋಳಿಕ ಮಾನ್ಯತೆ (ಜಿಐ ಗುರುತು) ಇದೆ. ಆದರೆ ಬೇಳೆಯ ದರ ದೇಶದ ಮಾರುಕಟ್ಟೆ, ಆಮದಿನ ಮೇಲೆ ನಿಂತದ್ದರಿಂದ ಅಲ್ಲಿನ ಕಿರಾಣಿ ಅಂಗಡಿಯಲ್ಲಿ ಬೇಳೆ ಅಷ್ಟೇನೂ ಸೋವಿಯಲ್ಲ.

ಒಂದೇ ದರ, ಒಂದೇ ಸವಲತ್ತು ಕೂಡ ಊರೂರಿಗೆ ಬೇರೆ ಫಲ ಕೊಡುತ್ತದೆ. 2023ರಲ್ಲಿ ಗೃಹಜ್ಯೋತಿ ಆರಂಭವಾದಾಗ 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಯೂನಿಟ್ ವಿದ್ಯುತ್ ಉಚಿತ ಎಂದಿತ್ತು, 200ರ ಒಳಗೆ. ಆ ಲೆಕ್ಕದಲ್ಲಿ ಸರಾಸರಿ 80 ಇದ್ದ ಮನೆಗೆ 88 ಉಚಿತ. ರಾಯಚೂರಿನಲ್ಲಿ ಮೇ ತಿಂಗಳ ಬಿಸಿಲಿಗೆ ಕೂಲರ್ ಓಡಿ 150 ಆದರೆ 62 ಯೂನಿಟ್‌ಗೆ ಹಣ ಕಟ್ಟಬೇಕು. ಮಡಿಕೇರಿಯ ಮನೆಗೆ ಅಂಥ ತಿಂಗಳು ಅಪರೂಪ. ಹೊಸ ಸಂಪರ್ಕದ ಮನೆಗೆ ಹೋದವರಿಗೆ ಹಳೆಯ ಸರಾಸರಿ ಇಲ್ಲದ್ದರಿಂದ ರಾಜ್ಯದ ಸರಾಸರಿ 53ಕ್ಕೆ ಶೇ 10 ಸೇರಿಸಿ 58 ಯೂನಿಟ್ ಎಂದು ಯೋಜನೆಯಲ್ಲಿ ಗೊತ್ತುಮಾಡಿದ್ದರು. ಊರು ಬದಲಿಸುವವರು ಇದನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ಉಡುಪಿ, ದಕ್ಷಿಣ ಕನ್ನಡಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು. ಮದ್ದೂರಿನಿಂದ ಮಂಡ್ಯಕ್ಕೆ ಕೆಲಸಕ್ಕೆ ಹೋಗುವ ಹೆಣ್ಣುಮಗಳಿಗೆ ಸೊನ್ನೆ ಖರ್ಚು, ಕಾರ್ಕಳದಿಂದ ಉಡುಪಿಗೆ ಹೋಗುವವಳಿಗೆ ಬಹುತೇಕ ದಿನ ಎರಡೂ ಹೊತ್ತು ಟಿಕೆಟ್. ಉತ್ತರ ಕನ್ನಡದವರು ಹೃದಯ, ನರರೋಗಗಳ ಚಿಕಿತ್ಸೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಓಡುವ ಖರ್ಚು ಯಾವ ಬೆಲೆಪಟ್ಟಿಯಲ್ಲೂ ಕಾಣುವುದಿಲ್ಲ. ಅಲ್ಲಿ ಬದುಕುವ ವೆಚ್ಚದಲ್ಲಿ ಅದೂ ಸೇರಿದೆ.

ಪಟ್ಟಿ ತಯಾರಿಸುವುದು ಹೇಗೆ? ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯಕ್ಕೆ ಪ್ರತಿ ಜಿಲ್ಲೆಯಲ್ಲೂ ಕಚೇರಿ ಇದೆ. ಬೆಲೆ ಸಂಗ್ರಹಿಸುವುದು ಅವರಿಗೆ ಹೊಸ ಕೆಲಸವಲ್ಲ. 31 ಜಿಲ್ಲೆಗಳಲ್ಲಿ ಜಿಲ್ಲಾ ಕೇಂದ್ರವೊಂದು, ಸಣ್ಣ ಪಟ್ಟಣವೊಂದು, ಸಂತೆ ನಡೆಯುವ ಹಳ್ಳಿಯೊಂದು, ನಲವತ್ತು ಬಾಬ್ತು, ಪ್ರತಿ ಬಾಬ್ತಿಗೆ ಮೂರು ಅಂಗಡಿ. ವರ್ಷಕ್ಕೆ ನಾಲ್ಕು ಬಾರಿ ಸಾಕು.

ಕೆಡುವುದು ಅಳತೆ ಮತ್ತು ದರ್ಜೆಯಲ್ಲಿ. ತೆಂಗಿನಕಾಯಿ ಕರಾವಳಿಯಲ್ಲಿ ಕಿಲೊ ಲೆಕ್ಕ, ಒಳನಾಡಿನಲ್ಲಿ ಕಾಯಿ ಲೆಕ್ಕ. ಬಾಳೆಹಣ್ಣು ಹುಬ್ಬಳ್ಳಿಯಲ್ಲಿ ಡಜನ್, ಬೆಂಗಳೂರಿನಲ್ಲಿ ಕಿಲೊ. ಸೊಪ್ಪಿನ ಕಟ್ಟು ಬೇಸಿಗೆಯಲ್ಲಿ ತೆಳ್ಳಗಾಗುತ್ತದೆ, ಬೆಲೆ ಮಾತ್ರ ಹಾಗೇ ಇರುತ್ತದೆ. ಆದ್ದರಿಂದ ಸಂಗ್ರಹಿಸುವವರ ಕೈಯಲ್ಲಿ ಸಣ್ಣ ತಕ್ಕಡಿ ಇರಲೇಬೇಕು, ಎಲ್ಲವನ್ನೂ ಗ್ರಾಂಗೆ ಇಳಿಸಿ ಬರೆಯಬೇಕು. ಅಕ್ಕಿ ಎಂದರೆ ಸಾಲದು: ಸೋನಾ ಮಸೂರಿಯೋ, ಹಳೆಯದೋ ಹೊಸದೋ ಎಂದು ನಮೂದಿಸದಿದ್ದರೆ ಎರಡು ಊರಿನ ಅಂತರ ಎನ್ನುವುದು ಎರಡು ಅಕ್ಕಿಯ ಅಂತರ ಆಗಿಬಿಡುತ್ತದೆ. ಸಂತೆಯಲ್ಲಿ ಬೆಳಗ್ಗೆ ಒಂದು ದರ, ಮುಸ್ಸಂಜೆ ಮತ್ತೊಂದು. ಎಲ್ಲ ಕಡೆ ಒಂದೇ ಹೊತ್ತಿನಲ್ಲಿ ಬರೆದುಕೊಳ್ಳಬೇಕು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಬಂಗುಡೆಯ ಬೆಲೆ ಬರೆದು ಹೋದವರು ವರ್ಷವಿಡೀ ಮಂಗಳೂರನ್ನು ದುಬಾರಿ ಮಾಡುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು, ಕಚೇರಿಗೆ ಹತ್ತಿರದ ಒಂದೇ ಅಂಗಡಿಗೆ ಫೋನ್ ಮಾಡಿ ಕಳೆದ ಸಲದ ಹಾಳೆಯನ್ನೇ ನಕಲು ಮಾಡುವುದು. ಮೂರು ಸುತ್ತು ಒಂದೇ ದರ ಬಂದ ತರಕಾರಿ ಸಾಲನ್ನು ಕಣ್ಣುಮುಚ್ಚಿ ಮರಳಿಸಬಹುದು.

ಇನ್ನು ಗಣಿತ. ಯಾವ ಊರಿನ ತಟ್ಟೆಯನ್ನು ಅಳತೆಗೆ ಹಿಡಿಯಬೇಕು ಎಂಬುದೇ ಮುಖ್ಯ ತಕರಾರು. ಒಂದು ಕಾಲ್ಪನಿಕ ಉದಾಹರಣೆ: ಕಲಬುರಗಿಯ ಮನೆಯ ತಿಂಗಳ ಸಾಮಾನು ಕಲಬುರಗಿಯಲ್ಲಿ 6,000 ರೂಪಾಯಿ, ಅದೇ ಸಾಮಾನು ಮಂಗಳೂರಿನಲ್ಲಿ 6,900, ಅಂದರೆ ಮಂಗಳೂರು 115. ಮಂಗಳೂರಿನ ಮನೆಯ ಸಾಮಾನು ಮಂಗಳೂರಿನಲ್ಲಿ 7,500, ಕಲಬುರಗಿಯಲ್ಲಿ 7,200. ಈಗ ಮಂಗಳೂರು ಬರೀ 104. ಯಾರೇ ಆಗಲಿ ತಮ್ಮ ರೂಢಿಯ ಊಟವನ್ನೇ ಅಳತೆಗೆ ಹಿಡಿದರೆ ಪರ ಊರು ಇರುವುದಕ್ಕಿಂತ ತುಸು ದುಬಾರಿಯಾಗಿ ಕಾಣುತ್ತದೆ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 109 ಬರುತ್ತದೆ. ಯಾರ ಪಕ್ಷವನ್ನೂ ವಹಿಸದ ಅಂಕಿ ಅದು. ಅಮೆರಿಕದ ಆರ್ಥಿಕ ವಿಶ್ಲೇಷಣಾ ಬ್ಯೂರೊ ತನ್ನ ರಾಜ್ಯಗಳಿಗೆ ಇಡೀ ದೇಶವನ್ನು 100 ಎಂದು ಹಿಡಿದು ಇಂಥ ಪ್ರಾದೇಶಿಕ ಬೆಲೆ ಮಟ್ಟದ ಪಟ್ಟಿಯನ್ನು ವರ್ಷ ವರ್ಷ ಹೊರಡಿಸುತ್ತದೆ. ನಾವು ಕರ್ನಾಟಕವನ್ನು 100 ಎಂದಿಟ್ಟು 31 ಜಿಲ್ಲೆಗಳನ್ನು ಸುತ್ತ ನಿಲ್ಲಿಸಬಹುದು.

ಹಿಂದುಳಿದ ಪ್ರದೇಶಗಳನ್ನು ಗುರುತಿಸುವವರಿಗೂ ಈ ಪಟ್ಟಿ ಬೇಕು. 2002ರ ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಹಿಡಿದು 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು; ಬೆಲೆ ಮಟ್ಟ ಆ ಸೂಚಕಗಳಲ್ಲಿ ಇರಲಿಲ್ಲ. ಪ್ರೊ. ಎಂ. ಗೋವಿಂದರಾವ್ ಅಧ್ಯಕ್ಷತೆಯಲ್ಲಿ 2024ರಲ್ಲಿ ಮತ್ತೊಂದು ಸಮಿತಿ ರಚನೆಯಾಯಿತು. ಜಿಲ್ಲೆಗಳ ತಲಾ ಆದಾಯ ಹೋಲಿಸುವಾಗ ಆದಾಯವನ್ನು ಆ ಜಿಲ್ಲೆಯ ಬೆಲೆ ಮಟ್ಟದಿಂದ ಭಾಗಿಸದಿದ್ದರೆ ಬೆಂಗಳೂರಿನ ಸಿರಿವಂತಿಕೆಯೂ ಕಲಬುರಗಿಯ ಬಡತನವೂ ಒಂದಿಷ್ಟು ಉತ್ಪ್ರೇಕ್ಷೆಯಾಗಿಯೇ ಕಾಣುತ್ತವೆ. ಹಿಂದುಳಿದ ಜಿಲ್ಲೆಗಳಿಗೆ ಇದರಿಂದ ಅನುದಾನ ತಪ್ಪೀತು ಎಂಬ ಅಂಜಿಕೆ ಇರಬಹುದು. ಶಾಲೆ, ಆಸ್ಪತ್ರೆ, ರಸ್ತೆಗಳ ಕೊರತೆಗೂ ಜೋಳದ ದರಕ್ಕೂ ಸಂಬಂಧವಿಲ್ಲ. ಅವೆರಡನ್ನೂ ಬೇರೆ ಬೇರೆ ಅಂಕಣದಲ್ಲೇ ಇಡಬೇಕು.

ಬಾಡಿಗೆ ಸಮೀಕ್ಷೆಯಿಂದಲೇ ಶುರು ಮಾಡಬಹುದು, ಏಕೆಂದರೆ ಅದಕ್ಕೆ ಬೇಕಾದ ಮಾದರಿ ಆರಿಸಲು ಜನಗಣತಿಯ ಮನೆಪಟ್ಟಿಯೇ ಒದಗುತ್ತದೆ. ಮನೆ ಸ್ವಂತದ್ದೋ ಬಾಡಿಗೆಯದೋ, ಕುಡಿಯುವ ನೀರು ಎಲ್ಲಿಂದ ಎಂಬುದನ್ನು ಅಲ್ಲಿ ಕೇಳುತ್ತಾರೆ. ಬಾಡಿಗೆ ಮನೆ ಹೆಚ್ಚಿರುವ ವಾರ್ಡುಗಳನ್ನು ಆರಿಸಿ, ಒಂದು ಮಲಗುವ ಕೋಣೆ, ಒಳಗೇ ಶೌಚಾಲಯ ಇರುವ ಮನೆಯನ್ನು ಮಾದರಿಯಾಗಿ ಹಿಡಿದು, ಐದು ಪ್ರಶ್ನೆ ಕೇಳಿದರೆ ಸಾಕು: ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ನಿರ್ವಹಣೆ ಎಷ್ಟು, ನೀರಿಗೆ ಎಷ್ಟು, ಈ ಮನೆಗೆ ಬಂದು ಎಷ್ಟು ವರ್ಷವಾಯಿತು. ಕೊನೆಯ ಪ್ರಶ್ನೆಯನ್ನು ಬಿಡಬಾರದು. ಎಂಟು ವರ್ಷದಿಂದ ಇರುವವರ ಬಾಡಿಗೆಗೂ ಹೋದ ತಿಂಗಳು ಬಂದವರ ಬಾಡಿಗೆಗೂ ಒಂದೇ ಬೀದಿಯಲ್ಲಿ ಅಜಗಜಾಂತರ ಇರುತ್ತದೆ. ವರ್ಗವಾಗಿ ಬರುವ ನೌಕರನೂ ಕೆಲಸ ಹುಡುಕಿ ಬರುವ ಕಾರ್ಮಿಕನೂ ತೆರಬೇಕಾದದ್ದು ಎರಡನೆಯದನ್ನು.

ಇಂತಿ,
ಓದುಗ, ಧಾರವಾಡ